ಅಣು ಒಪ್ಪಂದದಲ್ಲಿ ಜುಟ್ಟು ಯಾರ ಕೈಯಲ್ಲಿದೆ? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋಣಿಕೊಪ್ಪದಲ್ಲಿ ಭಾನುವಾರ ಬೆಳಿಗ್ಗೆ ಡಿಗ್ರಿ ಓದುವ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಪಾಠ ಮುಗಿದ ಮೇಲೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಭಾರತ ಮತ್ತು ಅಮೆರಿಕದ ಅಣು ಒಪ್ಪಂದದ ಬಗ್ಗೆ ಬಂದಷ್ಟು ಪ್ರಶ್ನೆ ಬೇರೆ ಯಾವುದರ ಬಗ್ಗೆಯೂ ಬಂದಿಲ್ಲ. ಮಕ್ಕಳು ಕೇಳುತ್ತಾರೆ. ಅವರನ್ನು ಬಿಡಲು ಬರುವ ಅಪ್ಪಂದಿರು ಕೇಳುತ್ತಾರೆ. ಸೈನ್ಯದಿಂದ ನಿವೃತ್ತರಾದ ಹಿರಿಯರಂತೂ ಉತ್ತರ ಸಿಗುವವರೆಗೆ ಬಿಡುವುದೇ ಇಲ್ಲ. ಅವರೆಲ್ಲರ ಪ್ರಶ್ನೆಗಳನ್ನು ಒಂದು ಕಡೆ ಸೇರಿಸಿ, ನನಗೆ ತಿಳಿದಷ್ಟು ಉತ್ತರ ಬರೆದಿದ್ದೇನೆ.

ಈ ಒಪ್ಪಂದ ಅಂದರೆ ಏನು? ಒಂದೇ ಕಾಗದವಾ?

ನಾಗರಿಕ ಸ್ಥಾವರಗಳನ್ನು ತಪಾಸಣೆಗೆ ಒಪ್ಪಿಸಿ, ಅದರ ಬದಲಿಗೆ ಹೊರಗಿನ ಇಂಧನ, ರಿಯಾಕ್ಟರ್ ಕೊಳ್ಳುವ ದಾರಿ ತೆರೆಸಿಕೊಳ್ಳುವುದು, ಇದೇ ಇದರ ಸಾರ. ಆದರೆ ಒಂದೇ ಕಾಗದ ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿ. 2005ರ ಜುಲೈ 18ರಂದು ಪ್ರಧಾನಿ ಮನಮೋಹನ್ ಸಿಂಗ್ ಮತ್ತು ಅಧ್ಯಕ್ಷ ಜಾರ್ಜ್ ಬುಷ್ ವಾಷಿಂಗ್ಟನ್‌ನಲ್ಲಿ ಜಂಟಿ ಹೇಳಿಕೆ ಕೊಟ್ಟರು. 2006ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ, ಯಾವ ಸ್ಥಾವರ ನಾಗರಿಕ ಬಳಕೆಗೆ, ಯಾವುದು ರಕ್ಷಣೆಗೆ ಎಂಬ ವಿಂಗಡಣೆ ಆಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ, ತನ್ನ ಹಳೆಯ ನಿಯಮದಿಂದ ನಮಗೆ ವಿನಾಯಿತಿ ಕೊಡಲು, ಅಮೆರಿಕ ತನ್ನದೇ ಒಂದು ಕಾನೂನು ಮಾಡಿಕೊಂಡಿತು. ಅದೇ ಹೈಡ್ ಕಾಯ್ದೆ. 2007ರಲ್ಲಿ ಎರಡು ದೇಶಗಳ ನಡುವಿನ ಒಪ್ಪಂದದ ಪಠ್ಯ ಸಿದ್ಧವಾಯಿತು. ಅಮೆರಿಕದ ಅಣುಶಕ್ತಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಮಾಡಿದ್ದರಿಂದ ಅದಕ್ಕೆ 123 ಒಪ್ಪಂದ ಅನ್ನುತ್ತಾರೆ. 2008ರ ಆಗಸ್ಟ್‌ನಲ್ಲಿ ಐಎಇಎ, ಅಂದರೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ನಮ್ಮ ತಪಾಸಣೆ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರ್ 6ಕ್ಕೆ ಎನ್‌ಎಸ್‌ಜಿ, ಅಂದರೆ ಅಣು ಸಾಮಗ್ರಿ ಮಾರುವ ದೇಶಗಳ ಕೂಟ, ನಮಗೆ ತನ್ನ ನಿಯಮದಿಂದ ವಿನಾಯಿತಿ ಕೊಟ್ಟಿತು. ಅಕ್ಟೋಬರ್ 10ಕ್ಕೆ ಪ್ರಣಬ್ ಮುಖರ್ಜಿ ಮತ್ತು ಕಾಂಡೊಲೀಜಾ ರೈಸ್ ಸಹಿ ಹಾಕಿದರು.

"ಒಪ್ಪಂದದಲ್ಲಿ ಹೀಗಿದೆ" ಎಂದು ಯಾರಾದರೂ ಹೇಳಿದರೆ, ಈ ಕಾಗದಗಳಲ್ಲಿ ಯಾವುದರಲ್ಲಿ ಎಂದು ಕೇಳಿ. ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಅಮೆರಿಕದ ಮೇಲೆ ನಮ್ಮವರಿಗೆ ಇಷ್ಟೊಂದು ಅನುಮಾನ ಯಾಕೆ?

ತಾರಾಪುರದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ, ಅದಕ್ಕೆ.

1963ರಲ್ಲಿ ಅಮೆರಿಕದ ಜೊತೆ ಒಂದು ಒಪ್ಪಂದ ಆಯಿತು. ಮುಂಬೈ ಉತ್ತರಕ್ಕೆ ತಾರಾಪುರದಲ್ಲಿ ಎರಡು ರಿಯಾಕ್ಟರ್ ಕಟ್ಟಿಕೊಡುವುದು, 30 ವರ್ಷ ಅದಕ್ಕೆ ಬೇಕಾದ ಇಂಧನ ಕೊಡುವುದು ಎಂದು ಮಾತಾಯಿತು. 1969ರಲ್ಲಿ ಸ್ಥಾವರ ಕೆಲಸ ಶುರು ಮಾಡಿತು. ಆ ರಿಯಾಕ್ಟರ್‌ಗಳಿಗೆ ಮಾಮೂಲಿ ಯುರೇನಿಯಂ ಸಾಲದು, ಸಂಪುಷ್ಟಗೊಳಿಸಿದ್ದೇ ಬೇಕು. ಅದನ್ನು ಆಗ ನಾವು ತಯಾರಿಸುತ್ತಿರಲಿಲ್ಲ. ಹೀಗೆ ಮೊದಲ ದಿನವೇ ಜುಟ್ಟು ಅವರ ಕೈಗೆ ಹೋಗಿತ್ತು.

1974ರ ಮೇ 18ರಂದು ಪೋಖ್ರಾನ್‌ನಲ್ಲಿ ನಾವು ಸ್ಫೋಟ ಮಾಡಿದೆವು. ಶಾಂತಿಯುತ ಸ್ಫೋಟ ಎಂದು ಕರೆದೆವು. ಅದಕ್ಕೆ ಬಳಸಿದ ಪ್ಲುಟೋನಿಯಂ ಬಂದದ್ದು ಸೈರಸ್ ರಿಯಾಕ್ಟರ್‌ನಿಂದ. ಅದನ್ನು ಕೊಟ್ಟದ್ದು ಕೆನಡಾ, ಅದಕ್ಕೆ ಭಾರಜಲ ಕೊಟ್ಟದ್ದು ಅಮೆರಿಕ. ಕೊಟ್ಟವರಿಗೆ ಸಿಟ್ಟು ಬಂತು. ಅವರ ಕಡೆಯಿಂದ ನೋಡಿದರೆ ಆ ಸಿಟ್ಟಿಗೆ ಕಾರಣವೂ ಇತ್ತು, ಇದನ್ನು ನಾವು ಮುಚ್ಚಿಡಬಾರದು. ಕೆನಡಾ ಎಲ್ಲ ಸಹಕಾರ ನಿಲ್ಲಿಸಿತು. 1978ರಲ್ಲಿ ಅಮೆರಿಕ ಹೊಸ ಕಾನೂನು ಮಾಡಿತು. ಎಲ್ಲ ಸ್ಥಾವರಗಳನ್ನೂ ತಪಾಸಣೆಗೆ ಒಪ್ಪಿಸದ ದೇಶಕ್ಕೆ ಇಂಧನ ಕೊಡಬಾರದು ಎಂದಿತು. 1963ರಲ್ಲಿ ಕೊಟ್ಟ ಮಾತು 1978ರ ಕಾನೂನಿನ ಎದುರು ನಿಲ್ಲಲಿಲ್ಲ. ಆಮೇಲೆ 1982ರಲ್ಲಿ ಫ್ರಾನ್ಸ್ ಇಂಧನ ಕೊಡಲು ಮುಂದೆ ಬಂತು. 90ರ ದಶಕದಲ್ಲಿ ಚೀನಾದಿಂದ, 2001ರಲ್ಲಿ ರಷ್ಯಾದಿಂದ ತಂದೆವು.

ಇನ್ನೊಂದು ಸಂಗತಿ ಇದೆ. ಉರಿದು ಉಳಿದ ಇಂಧನವನ್ನು ಅಮೆರಿಕ ವಾಪಸ್ ತೆಗೆದುಕೊಳ್ಳಲೂ ಇಲ್ಲ, ಮರುಸಂಸ್ಕರಣೆ, ಅಂದರೆ ಅದರಿಂದ ಮತ್ತೆ ಬಳಸಬಹುದಾದ್ದನ್ನು ಬೇರ್ಪಡಿಸುವ ಕೆಲಸ, ಮಾಡಲು ನಮಗೆ ಒಪ್ಪಿಗೆಯನ್ನೂ ಕೊಡಲಿಲ್ಲ. ಅದು ತಾರಾಪುರದಲ್ಲೇ ಕೂತಿತು, ಕಾಯುವ ಖರ್ಚು ನಮ್ಮದು. 2005ರ ನಂತರದ ಮಾತುಕತೆಗಳಲ್ಲಿ ನಮ್ಮ ವಿಜ್ಞಾನಿಗಳು ಇಂಧನ ಪೂರೈಕೆ, ಮರುಸಂಸ್ಕರಣೆ ಎಂಬ ಎರಡು ಮಾತಿಗೆ ಅಷ್ಟು ಜಗ್ಗಾಡಿದ್ದು ಈ ಅನುಭವದಿಂದಲೇ.

ಎನ್‌ಪಿಟಿಗೆ ನಾವು ಯಾಕೆ ಸಹಿ ಹಾಕಲಿಲ್ಲ?

ಎನ್‌ಪಿಟಿ ಅಂದರೆ ಅಣ್ವಸ್ತ್ರ ಹರಡದಂತೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ. 1967ರ ಜನವರಿ 1ಕ್ಕೆ ಮೊದಲು ಬಾಂಬ್ ಸಿಡಿಸಿದವರು ಇಟ್ಟುಕೊಳ್ಳಬಹುದು, ಉಳಿದವರು ಮುಟ್ಟಬಾರದು ಎಂಬುದು ಅದರ ನಿಯಮ. ಐದು ದೇಶಗಳಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು. ಬೇರೆ ಬೇರೆ ಪಕ್ಷದ ಸರ್ಕಾರಗಳು ಬಂದು ಹೋದವು, ಈ ನಿಲುವು ಬದಲಾಗಲಿಲ್ಲ. ನನ್ನ ಮಟ್ಟಿಗೆ ಇದು ಸರಿಯಾದ ನಿಲುವು.

ಹಾಗಾದರೆ ಮತ್ತೆ ಅವರ ಬಾಗಿಲಿಗೆ ಯಾಕೆ ಹೋದೆವು?

ಯುರೇನಿಯಂ ಸಾಲುತ್ತಿರಲಿಲ್ಲ. ಜಾರ್ಖಂಡದ ಜಾದೂಗುಡದ ಗಣಿಗಳ ಮೇಲೆ ಇಡೀ ದೇಶ ನಿಂತಿತ್ತು. 2007-08ರ ಹೊತ್ತಿಗೆ ನಮ್ಮ ರಿಯಾಕ್ಟರ್‌ಗಳು ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ಕೆಲಸ ಮಾಡುತ್ತಿದ್ದವು. ಕಟ್ಟಿದ ಮಿಲ್‌ಗೆ ಭತ್ತ ಇಲ್ಲದ ಹಾಗೆ. 1975ರಲ್ಲಿ ಶುರುವಾದ ಎನ್‌ಎಸ್‌ಜಿ ಎಂಬ ಮಾರಾಟಗಾರ ದೇಶಗಳ ಕೂಟ ನಮಗೆ ಬಾಗಿಲು ಹಾಕಿತ್ತು. ಆ ಕೂಟ ಹುಟ್ಟಿದ್ದೇ ನಮ್ಮ 1974ರ ಪರೀಕ್ಷೆಯ ಕಾರಣಕ್ಕೆ. ಅದರ ಬೀಗ ತೆಗೆಸಲು ಅಮೆರಿಕದಷ್ಟು ತೂಕ ಇದ್ದವರು ಬೇರೆ ಇರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ನಮಗೆ ಅಮೆರಿಕದ ಯುರೇನಿಯಂ ಬೇಕಿರಲಿಲ್ಲ. ಬೇಕಿದ್ದದ್ದು ಮಾರುಕಟ್ಟೆ. ಬಾಗಿಲು ತೆರೆದ ಮೇಲೆ ನಾವು ಕಜಕಸ್ತಾನ, ರಷ್ಯಾ, ಫ್ರಾನ್ಸ್, ಉಜ್ಬೆಕಿಸ್ತಾನದಿಂದ ತಂದೆವು. ಒಮ್ಮೆ ಮುಖ ತಿರುಗಿಸಿದ್ದ ಕೆನಡಾದಿಂದಲೂ 2015ರಿಂದ ಬಂತು. ಹಳೆಯ ಕಾಫಿ ಬೆಳೆಗಾರರಿಗೆ ಇದು ಬೇಗ ಅರ್ಥ ಆಗುತ್ತದೆ. ಬೆಳೆದದ್ದೆಲ್ಲ ಕಾಫಿ ಬೋರ್ಡಿನ ಪೂಲಿಗೇ ಹಾಕಬೇಕಿದ್ದ ಕಾಲ ನೆನಪಿದೆಯಲ್ಲ? 90ರ ದಶಕದಲ್ಲಿ ಅದು ಹಂತ ಹಂತವಾಗಿ ಸಡಿಲವಾಗಿ, 1996ಕ್ಕೆ ಯಾರಿಗೆ ಬೇಕಾದರೂ ಮಾರಬಹುದು ಎಂದಾಯಿತು. ಎದುರಿಗೆ ಒಬ್ಬನೇ ಇದ್ದಾಗ ಅವನ ಮಾತೇ ಬೆಲೆ. ನಾಲ್ಕು ಜನ ಇದ್ದರೆ ನಮಗೂ ಬಾಯಿ ಬರುತ್ತದೆ.

ಈಗ ನಮ್ಮ ಸ್ಥಾವರಗಳೆಲ್ಲ ವಿದೇಶಿಯರ ತಪಾಸಣೆಯಲ್ಲಿವೆ ಅಂತಾರೆ. ನಿಜವಾ?

ಎಲ್ಲವೂ ಇಲ್ಲ. ಈ ಪ್ರಶ್ನೆ ಕೇಳುವ ನಮ್ಮ ಮಕ್ಕಳಿಗೆ ನಾನು ಮೊದಲು ಬಸ್ಸಿನ ದಾರಿ ತೋರಿಸುತ್ತೇನೆ.

ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ಹೋಗುವಾಗ ಇಲವಾಲ ಸಿಗುತ್ತದೆ. ಅದರ ಹತ್ತಿರ ರತ್ನಹಳ್ಳಿಯಲ್ಲಿ ಅಣುಶಕ್ತಿ ಇಲಾಖೆಯ ಒಂದು ಕಾರ್ಖಾನೆ ಇದೆ, ಯುರೇನಿಯಂ ಸಂಪುಷ್ಟಗೊಳಿಸುವ ಜಾಗ. ಮೈಸೂರಿಗೆ ಮದುವೆ ಬಟ್ಟೆ ತರಲು, ಆಸ್ಪತ್ರೆಗೆ ಎಂದು ನಾವು ನೂರಾರು ಸಲ ಆ ದಾರಿಯಲ್ಲಿ ಹೋಗಿದ್ದೇವೆ. 2006ರ ವಿಂಗಡಣೆಯಲ್ಲಿ ರತ್ನಹಳ್ಳಿ ತಪಾಸಣೆಯ ಹೊರಗೆ ಉಳಿಯಿತು.

ಆಗ ಲೆಕ್ಕಕ್ಕೆ ಹಿಡಿದದ್ದು ನಡೆಯುತ್ತಿದ್ದ ಮತ್ತು ಕಟ್ಟುತ್ತಿದ್ದ 22 ರಿಯಾಕ್ಟರ್. ಅದರಲ್ಲಿ 14ನ್ನು ನಾಗರಿಕ ಪಟ್ಟಿಗೆ ಹಾಕಿದೆವು. ತಾರಾಪುರದ ಮೊದಲ ಎರಡು, ರಾಜಸ್ಥಾನದ ಆರು, ಕೂಡಂಕುಳಂನ ಎರಡು, ನರೋರಾದ ಎರಡು, ಕಾಕ್ರಾಪಾರದ ಎರಡು. ಉಳಿದ ಎಂಟು ಹೊರಗೆ. ಆ ಎಂಟರಲ್ಲಿ ನಾಲ್ಕು ನಮ್ಮ ಉತ್ತರ ಕನ್ನಡದ ಕೈಗಾದವು. ಇನ್ನುಳಿದವು ಕಲ್ಪಾಕ್ಕಂನ ಎರಡು, ತಾರಾಪುರದ ಕೊನೆಯ ಎರಡು. ಆ ಕಾಲದಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್, ಕಲ್ಪಾಕ್ಕಂನ ಬ್ರೀಡರ್ ರಿಯಾಕ್ಟರ್ ಅನ್ನು, ಅಂದರೆ ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವ ರಿಯಾಕ್ಟರ್ ಅನ್ನು, ತಪಾಸಣೆಗೆ ಕೊಡುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ಅದೂ ಹೊರಗೇ ಉಳಿಯಿತು.

ಈ ಗೆರೆಗೆ ಒಂದು ಬೆಲೆ ಇದೆ. ಹೊರಗಿನಿಂದ ತಂದ ಯುರೇನಿಯಂ ತಪಾಸಣೆ ಇರುವ ರಿಯಾಕ್ಟರ್‌ಗೆ ಮಾತ್ರ ಹೋಗಬೇಕು. ಹಾಗಾಗಿ ಕೈಗಾದ ಆ ನಾಲ್ಕು ಘಟಕಗಳು ನಮ್ಮದೇ ನೆಲದ ಇಂಧನದಲ್ಲಿ ನಡೆಯುತ್ತವೆ. 2018ರ ಕೊನೆಗೆ ಕೈಗಾದ ಒಂದನೇ ಘಟಕ ನಿಲ್ಲದೆ 962 ದಿನ ಓಡಿ ವಿಶ್ವದಾಖಲೆ ಮಾಡಿತಲ್ಲ, ಅದು ಸ್ವಂತ ವಿನ್ಯಾಸ, ಸ್ವಂತ ಯುರೇನಿಯಂನಿಂದ ಆದದ್ದು. ಇದನ್ನು ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ.

ಎನ್‌ಎಸ್‌ಜಿ ವಿನಾಯಿತಿ ಸಿಕ್ಕಿತು ಅಂದರೆ ನಾವು ಅಣ್ವಸ್ತ್ರ ದೇಶ ಅಂತ ಒಪ್ಪಿದ ಹಾಗೆ ಅಲ್ವಾ?

ಅಲ್ಲ. ಇದನ್ನು ಅರ್ಥ ಮಾಡಿಸಲು ನಮ್ಮ ಕೋವಿಯೇ ಸಾಕು.

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದು. ಕೈಲ್‌ಪೊದ್‌ಗೆ ಕೋವಿ ಇಟ್ಟು ಪೂಜೆ ಮಾಡುವಾಗ ಇದು ನಮ್ಮ ಹುಟ್ಟಿನ ಹಕ್ಕು ಎಂದೇ ಅನಿಸುತ್ತದೆ. ಕಾಗದದಲ್ಲಿ ನೋಡಿದರೆ ಅದು ಕೇಂದ್ರ ಸರ್ಕಾರದ ಅಧಿಸೂಚನೆ. 2019ರಲ್ಲಿ ಹತ್ತು ವರ್ಷಕ್ಕೆ ಕೊಟ್ಟಿದ್ದಾರೆ, 2029ಕ್ಕೆ ಮುಗಿಯುತ್ತದೆ. ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿದ್ದೂ ಆಯಿತು. 2021ರಲ್ಲಿ ಕೋರ್ಟ್ ಎತ್ತಿಹಿಡಿಯಿತು ಅನ್ನುವುದು ಸಮಾಧಾನ. ಆದರೂ ಅವಧಿ ಮುಗಿಯುವಾಗಲೆಲ್ಲ ಕಾಯಬೇಕು.

ಎನ್‌ಎಸ್‌ಜಿ ನಮಗೆ ಕೊಟ್ಟದ್ದೂ ಇಂಥದ್ದೇ. ನಿಯಮ ಹಾಗೇ ಇದೆ, ನಮಗೆ ಮಾತ್ರ ಅದು ಅನ್ವಯಿಸುವುದಿಲ್ಲ. ನಮ್ಮ ವಿನಾಯಿತಿಗೆ ವರ್ಷದ ಗಡುವಿಲ್ಲ ಎಂಬುದು ಒಳ್ಳೆಯದು. ಆದರೆ ಕೂಟದ ಒಳಗೆ ಕುರ್ಚಿ ಸಿಕ್ಕಿಲ್ಲ. 2016ರಲ್ಲಿ ಸದಸ್ಯತ್ವಕ್ಕೆ ಅರ್ಜಿ ಹಾಕಿದೆವು. ಸೋಲ್‌ನಲ್ಲಿ ಸಭೆ ನಡೆಯಿತು. ಎನ್‌ಪಿಟಿಗೆ ಸಹಿ ಹಾಕದ ದೇಶವನ್ನು ಹೇಗೆ ಸೇರಿಸುವುದು ಎಂದು ಚೀನಾ ಅಡ್ಡ ನಿಂತಿತು. ಕೂಟದಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ, ಒಬ್ಬರು ಬೇಡ ಎಂದರೂ ಮುಗಿಯಿತು.

ನಾಳೆ ಮತ್ತೆ ಅಣು ಪರೀಕ್ಷೆ ಮಾಡಬೇಕಾಗಿ ಬಂದರೆ ಮಾಡಬಹುದಾ?

ನಿವೃತ್ತ ಸೈನಿಕರು ತಪ್ಪದೆ ಕೇಳುವ ಪ್ರಶ್ನೆ ಇದು. ಒಬ್ಬರು ಮಾವ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು, "ಟೀಚರೇ, ಸುತ್ತಿ ಬಳಸಿ ಬೇಡ, ಹೌದು ಅಥವಾ ಇಲ್ಲ ಹೇಳಿ" ಎಂದಿದ್ದರು.

ಹೌದು, ಮಾಡಬಹುದು. 123 ಒಪ್ಪಂದದಲ್ಲಿ ಪರೀಕ್ಷೆ ಎಂಬ ಮಾತೇ ಇಲ್ಲ. 1998ರ ಮೇ ತಿಂಗಳ ಪರೀಕ್ಷೆಗಳ ನಂತರ ಇನ್ನು ಮಾಡುವುದಿಲ್ಲ ಎಂದು ನಾವು ನಾವಾಗಿಯೇ ಹೇಳಿದ್ದೇವೆ. 2008ರ ಸೆಪ್ಟೆಂಬರ್ 5ರಂದು, ಎನ್‌ಎಸ್‌ಜಿ ಸಭೆ ನಡೆಯುತ್ತಿದ್ದಾಗ, ಪ್ರಣಬ್ ಮುಖರ್ಜಿ ಅದನ್ನೇ ಮತ್ತೆ ಹೇಳಿದರು. ಅದು ನಮ್ಮ ಮಾತು, ನಾವು ಬರೆದುಕೊಟ್ಟ ಮುಚ್ಚಳಿಕೆ ಅಲ್ಲ.

ಆದರೆ ಮಾಡಿದರೆ ಏನಾಗುತ್ತದೆ ಎಂಬುದನ್ನೂ ಆ ಮಾವನಿಗೆ ಹೇಳಲೇಬೇಕಿತ್ತು. ಒಪ್ಪಂದದ 14ನೇ ವಿಧಿಯ ಪ್ರಕಾರ ಯಾರು ಬೇಕಾದರೂ ಒಂದು ವರ್ಷದ ನೋಟಿಸ್ ಕೊಟ್ಟು ಹೊರಗೆ ಹೋಗಬಹುದು. ತಾನು ಕೊಟ್ಟ ಸಾಮಾನು, ಇಂಧನ ವಾಪಸ್ ಕೊಡಿ ಎಂದು ಅಮೆರಿಕ ಕೇಳಬಹುದು. ಅದಕ್ಕೆ ಮಾರುಕಟ್ಟೆ ಬೆಲೆ ಕೊಡಬೇಕು. ಮೊದಲು ಮಾತುಕತೆ ಆಗಬೇಕು. ನೆರೆಹೊರೆಯ ಭದ್ರತೆ ಬದಲಾಗಿದ್ದರಿಂದ, ಅಥವಾ ಬೇರೆ ದೇಶ ಅಂಥದ್ದೇ ಕೆಲಸ ಮಾಡಿದ್ದರಿಂದ ಹೀಗಾಯಿತಾ ಎಂಬುದನ್ನು ಆಗ ಪರಿಗಣಿಸಬೇಕು ಎಂದೂ ಬರೆದಿದೆ. ಈ ಸಾಲನ್ನು ಬರೆಸಲು ನಮ್ಮ ಅಧಿಕಾರಿಗಳು ಪಟ್ಟ ಪಾಡು ಚಿಕ್ಕದಲ್ಲ. ಚೀನಾ ಅಥವಾ ಪಾಕಿಸ್ತಾನ ಮೊದಲು ಪರೀಕ್ಷೆ ಮಾಡಿದರೆ ನಮಗೆ ಹೇಳಿಕೊಳ್ಳಲು ಒಂದು ಕಾರಣ ಇರುತ್ತದೆ.

ಅಂದರೆ ಹಕ್ಕು ಉಳಿದಿದೆ, ಅದರ ದರ ಮಾತ್ರ ಏರಿದೆ. ಹೊರಗಿನ ಇಂಧನದ ಮೇಲೆ ಎಷ್ಟು ಜಾಸ್ತಿ ನಿಂತಿರುತ್ತೇವೋ ಅಷ್ಟು ದರ ಜಾಸ್ತಿ. ಸಾರ್ವಭೌಮತ್ವ ಒಂದು ಸಹಿಯಲ್ಲಿ ಹೋಗಿಬಿಡುತ್ತದೆ ಎಂದು ನಾನು ನಂಬುವುದಿಲ್ಲ. ಬೇಡ ಎನ್ನಬೇಕಾದ ದಿನ ಬೇಡ ಎನ್ನಲು ಎಷ್ಟು ಖರ್ಚಾಗುತ್ತದೆ ಎಂಬುದರಲ್ಲಿ ಅದು ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ.

ಹೈಡ್ ಕಾಯ್ದೆ ನಮ್ಮನ್ನು ಕಟ್ಟಿಹಾಕುತ್ತದಾ?

ಅದು ಅಮೆರಿಕದ ಕಾನೂನು. ನೇರವಾಗಿ ಅವರ ಅಧ್ಯಕ್ಷರನ್ನು ಕಟ್ಟುತ್ತದೆ. ನಾವು ಪರೀಕ್ಷೆ ಮಾಡಿದರೆ ವಿನಾಯಿತಿ ಕೊನೆಯಾಗುತ್ತದೆ ಎಂದು ಅದರಲ್ಲಿದೆ. ಇರಾನ್ ವಿಷಯದಲ್ಲಿ ಭಾರತ ಜೊತೆಗಿರಬೇಕು ಎಂಬ ಆಶಯವೂ ಇದೆ. ಇಂಥ ಆಶಯದ ಮಾತುಗಳು ಸಲಹೆಗಳಷ್ಟೇ ಎಂದು ಬುಷ್ ಸಹಿ ಹಾಕುವಾಗ ಹೇಳಿದರು.

ನನಗೆ ಇಲ್ಲಿ ಆತಂಕ ತರುವುದು 123 ಒಪ್ಪಂದದ 2ನೇ ವಿಧಿ. ಎರಡೂ ದೇಶಗಳು ತಮ್ಮ ತಮ್ಮ ಕಾನೂನಿನ ಪ್ರಕಾರ ಇದನ್ನು ಜಾರಿ ಮಾಡುತ್ತವೆ ಎಂದು ಅಲ್ಲಿದೆ. ಹಿಂಬಾಗಿಲಿನಿಂದ ಹೈಡ್ ಕಾಯ್ದೆ ಬರುವುದು ಇಲ್ಲಿಂದಲೇ ಎಂದು ಹಿರಿಯ ಅಣುವಿಜ್ಞಾನಿ ಪಿ. ಕೆ. ಅಯ್ಯಂಗಾರ್ ಅವರಂಥವರು ಎಚ್ಚರಿಸಿದರು. ಅಂತರರಾಷ್ಟ್ರೀಯ ಕಾನೂನಿನ ತತ್ವಗಳಂತೆ ನಡೆದುಕೊಳ್ಳಬೇಕು ಎಂದು 16ನೇ ವಿಧಿಯಲ್ಲಿದೆ, ಅದೇ ನಮಗೆ ಗುರಾಣಿ ಎಂದು ಸರ್ಕಾರ ಹೇಳಿತು. 2008ರ ಸೆಪ್ಟೆಂಬರ್‌ನಲ್ಲಿ ಬುಷ್ ತಮ್ಮ ಕಾಂಗ್ರೆಸ್ಸಿಗೆ ಬರೆದು ತಿಳಿಸಿದ್ದೇನು ಗೊತ್ತಾ? ಇಂಧನ ಪೂರೈಕೆಯ ಭರವಸೆಗಳು ರಾಜಕೀಯ ಬದ್ಧತೆ, ಕಾನೂನಿನ ಕಟ್ಟುಪಾಡಲ್ಲ ಎಂದು. ಅದೇ ಪಠ್ಯದ 5ನೇ ವಿಧಿಯನ್ನು ನಾವು ಗಟ್ಟಿ ಭರವಸೆ ಎಂದು ಓದಿದ್ದೆವು. ಒಂದೇ ಸಾಲು, ಎರಡು ಓದು. ತಾರಾಪುರ ನೆನಪಾಗದೆ ಇರುತ್ತದಾ?

ನಮ್ಮ ಸಂಸತ್ತು ಇದಕ್ಕೆ ಓಟು ಹಾಕಿತಾ?

ಒಪ್ಪಂದಕ್ಕೆ ಹಾಕಲಿಲ್ಲ. ಎಡಪಕ್ಷಗಳು 2008ರ ಜುಲೈನಲ್ಲಿ ಬೆಂಬಲ ವಾಪಸ್ ತೆಗೆದವು. ಜುಲೈ 22ರಂದು ಲೋಕಸಭೆಯಲ್ಲಿ ವಿಶ್ವಾಸಮತ ನಡೆಯಿತು. ಸರ್ಕಾರಕ್ಕೆ 275, ವಿರುದ್ಧ 256. ಓಟು ಬಿದ್ದದ್ದು ಸರ್ಕಾರ ಉಳಿಯಬೇಕಾ ಎಂಬುದಕ್ಕೆ. ಒಪ್ಪಂದದ ವಿಧಿಗಳನ್ನು ಒಂದೊಂದಾಗಿ ಇಟ್ಟು ಯಾರೂ ಓಟು ಕೇಳಲಿಲ್ಲ. ನಮ್ಮ ಸಂವಿಧಾನದ ಪ್ರಕಾರ ವಿದೇಶಿ ಒಪ್ಪಂದ ಮಾಡುವುದು ಕೇಂದ್ರ ಸರ್ಕಾರದ ಅಧಿಕಾರ, ಸಂಸತ್ತಿನ ಮುಂದೆ ಇಟ್ಟು ಪಾಸ್ ಮಾಡಿಸಲೇಬೇಕು ಎಂದಿಲ್ಲ. ಅಮೆರಿಕದಲ್ಲಿ ಎರಡೂ ಸದನಗಳು ಇದೇ ಪಠ್ಯದ ಮೇಲೆ ಓಟು ಹಾಕಿದವು.

ಇದು ನನಗೆ ಸರಿ ಕಾಣುವುದಿಲ್ಲ. ದೇಶದ ಸಾರ್ವಭೌಮತ್ವ ಅಂದರೆ ಸರ್ಕಾರದ್ದಲ್ಲ, ಜನರದ್ದು. ನಮ್ಮ ಜಿಲ್ಲೆಯ ಸಿ. ಎಂ. ಪೂಣಚ್ಚ ಅವರು ಕೊಡಗಿನ ಪರವಾಗಿ ಸಂವಿಧಾನ ಸಭೆಯಲ್ಲಿ ಕೂತಿದ್ದರು. ಅಷ್ಟು ಚಿಕ್ಕ ಕೊಡಗಿಗೂ ಅಲ್ಲಿ ಒಂದು ಬಾಯಿ ಇತ್ತು. ಅವರೆಲ್ಲ ಸೇರಿ ಬರೆದ ಸಂವಿಧಾನದ ಅಡಿಯಲ್ಲಿ, 40 ವರ್ಷ ನಡೆಯುವ ಒಂದು ಒಪ್ಪಂದದ ಬಗ್ಗೆ ನಮ್ಮ ಸಂಸದರಿಗೆ ಹೌದು, ಅಲ್ಲ ಎನ್ನುವ ಅವಕಾಶ ಇರಬೇಕಿತ್ತು.

ದೊಡ್ಡವರ ಜೊತೆ ಒಪ್ಪಂದ ಅಂದ ತಕ್ಷಣ ನಮ್ಮಲ್ಲಿ ರಾಜರ ಕಥೆ ತೆಗೆಯುತ್ತಾರೆ. ಹೋಲಿಕೆ ಸರಿಯಾ?

ಪೂರ್ತಿ ಸರಿ ಅಲ್ಲ, ಆದರೂ ನೆನೆಯಬೇಕಾದ ಕಥೆ.

1790ರಲ್ಲಿ ದೊಡ್ಡ ವೀರರಾಜೇಂದ್ರ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಎದುರಿಗೆ ಟಿಪ್ಪು ಇದ್ದ, ಬೇರೆ ದಾರಿ ಇರಲಿಲ್ಲ. ಕಂಪನಿ ಸ್ನೇಹದ ಮಾತಾಡಿತು, ಕೊಡಗಿನ ಸ್ವಾತಂತ್ರ್ಯಕ್ಕೆ ಭರವಸೆ ಕೊಟ್ಟಿತು. 1799ಕ್ಕೆ ಟಿಪ್ಪು ಹೋದ. ಆಮೇಲೆ ಕಂಪನಿಗೆ ಕೊಡಗಿನ ಸ್ನೇಹದ ಅಗತ್ಯ ಕಮ್ಮಿಯಾಯಿತು. 1834ರಲ್ಲಿ ಅದೇ ಕಂಪನಿಯ ಸೈನ್ಯ ಮಡಿಕೇರಿ ಕೋಟೆಗೆ ಬಂತು. ಚಿಕ್ಕ ವೀರರಾಜೇಂದ್ರನನ್ನು ಇಳಿಸಿ ಕಾಶಿಗೆ ಕಳಿಸಿದರು. ಅವನು 1852ರಲ್ಲಿ ಇಂಗ್ಲೆಂಡಿಗೆ ಹೋಗಿ, ಕಂಪನಿಯಲ್ಲಿ ಇಟ್ಟ ತನ್ನ ಹಣ ಕೊಡಿಸಿ ಎಂದು ಅವರದೇ ಕೋರ್ಟಿನಲ್ಲಿ ದಾವೆ ಹೂಡಿದ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಹಣ ಸಿಗಲಿಲ್ಲ.

ಇಂದಿನ ಭಾರತ ಆಗಿನ ಕೊಡಗಲ್ಲ. ನಮ್ಮಲ್ಲಿ ಸೈನ್ಯ ಇದೆ, ಚುನಾವಣೆ ಇದೆ, ಕೈಗಾ ಇದೆ. ಆದರೆ ಮಡಿಕೇರಿಯ ಗದ್ದಿಗೆಯ ಹತ್ತಿರ ನಿಂತಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಒಪ್ಪಂದ ಮಾಡುವ ದಿನ ಇಬ್ಬರಿಗೂ ಒಬ್ಬ ಸಮಾನ ಶತ್ರು ಇರುತ್ತಾನೆ. ಆ ಶತ್ರು ಹೋದ ಮೇಲೂ ಕಾಗದ ಉಳಿದಿರುತ್ತದೆ. ಆಗ ಅದನ್ನು ಓದುವವರು ಯಾರು, ಅರ್ಥ ಹೇಳುವ ಕೋರ್ಟು ಯಾರದ್ದು? 2005ರಲ್ಲಿ ಅಮೆರಿಕದ ಲೆಕ್ಕದಲ್ಲಿ ಚೀನಾ ಇತ್ತು. ಆ ಲೆಕ್ಕ ಬದಲಾಗಬಹುದು.

ಅಮೆರಿಕದ ಮಾತು ಕೇಳಬೇಕಾಗಿ ಬಂದದ್ದಿದೆಯಾ?

2005ರ ಸೆಪ್ಟೆಂಬರ್ ಮತ್ತು 2006ರ ಫೆಬ್ರವರಿಯಲ್ಲಿ ಐಎಇಎ ಸಭೆಯಲ್ಲಿ ನಾವು ಇರಾನ್ ವಿರುದ್ಧ ಓಟು ಹಾಕಿದೆವು. ಒಪ್ಪಂದದ ಮಾತುಕತೆ ನಡೆಯುತ್ತಿದ್ದ ಸಮಯ ಅದು. ಸಂಬಂಧ ಇಲ್ಲ ಎಂದು ಸರ್ಕಾರ ಹೇಳಿತು. ನನಗೆ ಆ ಮಾತು ನಂಬಲು ಕಷ್ಟ.

2019ರ ಮೇ ನಂತರ ಇರಾನಿನ ಎಣ್ಣೆ ಕೊಳ್ಳುವುದನ್ನೂ ನಿಲ್ಲಿಸಿದೆವು. ಅದಕ್ಕೆ ಕಾರಣ ಅಣು ಒಪ್ಪಂದ ಅಲ್ಲ, ಡಾಲರ್ ಮತ್ತು ಬ್ಯಾಂಕುಗಳ ಮೇಲೆ ಅಮೆರಿಕಕ್ಕಿರುವ ಹಿಡಿತ. ಜುಟ್ಟು ಹಿಡಿಯಲು ಅಣುವೇ ಬೇಕೆಂದಿಲ್ಲ ಎಂದು ಮಕ್ಕಳಿಗೆ ಹೇಳುವುದು ಇದಕ್ಕೇ. 1953ರಲ್ಲಿ ಕೊರಿಯಾ ಯುದ್ಧಕೈದಿಗಳ ಕಗ್ಗಂಟು ಬಿಡಿಸಲು ತಟಸ್ಥ ದೇಶಗಳ ಆಯೋಗ ಮಾಡಿದಾಗ ಅದರ ಅಧ್ಯಕ್ಷರಾಗಿ ಹೋದದ್ದು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ. ಭಾರತ ಯಾರ ಜೇಬಿನಲ್ಲೂ ಇರಲಿಲ್ಲ, ಹಾಗಾಗಿ ಎರಡೂ ಕಡೆಯವರು ಒಪ್ಪಿದರು. ಆ ನಂಬಿಕೆಗೆ ಮೆಗಾವ್ಯಾಟಿನಲ್ಲಿ ಬೆಲೆ ಕಟ್ಟಲು ಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಅಮೆರಿಕದ ಎಷ್ಟು ರಿಯಾಕ್ಟರ್ ಬಂದವು?

ಒಂದೂ ಬಂದಿಲ್ಲ. ಆಂಧ್ರದ ಕೊವ್ವಾಡದಲ್ಲಿ ವೆಸ್ಟಿಂಗ್‌ಹೌಸ್‌ನ ಆರು ರಿಯಾಕ್ಟರ್ ಎಂದು ಮಾತಾಯಿತು. 2017ರಲ್ಲಿ ಆ ಕಂಪನಿಯೇ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಫ್ರಾನ್ಸಿನ ಜೈತಾಪುರವೂ ಕಾಗದದಲ್ಲೇ ಇದೆ. ಕೂಡಂಕುಳಂ ಮಾತ್ರ ಎದ್ದು ನಿಂತಿದೆ, ಅದು 1988ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಆದ ಒಪ್ಪಂದ. 2020ಕ್ಕೆ 20,000 ಮೆಗಾವ್ಯಾಟ್ ಎಂದು ಆಗ ಹೇಳುತ್ತಿದ್ದರು. ಈಗಲೂ ಅದರ ಅರ್ಧಕ್ಕಿಂತ ಕಮ್ಮಿ ಇದೆ. ದೇಶದ ವಿದ್ಯುತ್ತಿನಲ್ಲಿ ಅಣುವಿನ ಪಾಲು ಸುಮಾರು ನೂರಕ್ಕೆ 3.

ಅಪಘಾತ ಆದರೆ ಹೊಣೆ ಯಾರದ್ದು?

ಸಾರ್ವಭೌಮತ್ವದ ಪ್ರಶ್ನೆ ಜನರ ಮನೆ ಬಾಗಿಲಿಗೆ ಬರುವುದು ಇಲ್ಲಿ. 1984ರ ಭೋಪಾಲ್ ನಮಗೆ ಮರೆತಿಲ್ಲ. 1989ರಲ್ಲಿ 47 ಕೋಟಿ ಡಾಲರ್‌ಗೆ ಅದು ಇತ್ಯರ್ಥವಾಯಿತು. ಸತ್ತವರ, ನರಳಿದವರ ಲೆಕ್ಕಕ್ಕೆ ಅದು ಏನೂ ಅಲ್ಲ. 2010ರ ಜೂನ್‌ನಲ್ಲಿ ಭೋಪಾಲ್ ಕೇಸಿನ ತೀರ್ಪು ಬಂದು ದೇಶ ಕುದಿಯುತ್ತಿತ್ತು. ಅದೇ ವರ್ಷ ಅಣು ಹೊಣೆಗಾರಿಕೆ ಕಾಯ್ದೆ ಬಂತು. ಸ್ಥಾವರ ನಡೆಸುವವರ ಹೊಣೆ 1,500 ಕೋಟಿ ರೂಪಾಯಿ. ಜೊತೆಗೆ 17(ಬಿ) ಎಂಬ ಸೆಕ್ಷನ್ ಸೇರಿತು. ಕೊಟ್ಟ ಸಾಮಾನಿನಲ್ಲಿ ದೋಷ ಇದ್ದರೆ, ಪರಿಹಾರ ಕೊಟ್ಟವರು ಆ ಹಣವನ್ನು ಪೂರೈಕೆದಾರರಿಂದ ವಸೂಲಿ ಮಾಡಬಹುದು. ಅಮೆರಿಕದ ಕಂಪನಿಗಳು ಬರದೆ ನಿಂತದ್ದಕ್ಕೆ ದೊಡ್ಡ ಕಾರಣ ಈ ಒಂದು ಸಾಲು. ಸರ್ಕಾರಗಳ ಮೇಲೆ ಎಷ್ಟೋ ಒತ್ತಡ ಬಂತು, 15 ವರ್ಷ ಅದು ಉಳಿಯಿತು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಶಾಂತಿ ಎಂಬ ಹೆಸರಿನ ಹೊಸ ಕಾಯ್ದೆ ಪಾಸ್ ಮಾಡಿತು. 1962ರ ಅಣುಶಕ್ತಿ ಕಾಯ್ದೆ, 2010ರ ಹೊಣೆಗಾರಿಕೆ ಕಾಯ್ದೆ ಎರಡೂ ಹೋದವು. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ದೋಷದ ಸಾಮಾನಿಗೆ ಪೂರೈಕೆದಾರರನ್ನು ಹಿಡಿಯುವ ಆ ಸಾಲು ಹೊಸದರಲ್ಲಿ ಇಲ್ಲ. ಕರಾರಿನಲ್ಲಿ ಬರೆದುಕೊಂಡಿದ್ದರೆ, ಅಥವಾ ಯಾರಾದರೂ ಬೇಕೆಂದೇ ಹಾನಿ ಮಾಡಿದ್ದರೆ ಮಾತ್ರ ವಸೂಲಿ. ನಾನು ಇದನ್ನು ತಪ್ಪು ಎಂದೇ ಹೇಳುತ್ತೇನೆ. ಇಷ್ಟು ವರ್ಷ ಯಾರೂ ಕಿತ್ತುಕೊಳ್ಳಲಾಗದ ಒಂದು ರಕ್ಷಣೆಯನ್ನು ನಾವೇ ನಮ್ಮ ಕೈಯಾರೆ ಬಿಟ್ಟೆವು.

ನಮ್ಮ ತೋಟದ ಮೇಲೆ ಹೋದ ಹೈಟೆನ್ಷನ್ ಲೈನಿಗೂ ಇದಕ್ಕೂ ಸಂಬಂಧ ಇದೆಯಾ?

ಒಪ್ಪಂದಕ್ಕೆ ನೇರ ಸಂಬಂಧ ಇಲ್ಲ. ಅಣು ವಿದ್ಯುತ್ತಿಗೆ ಇದೆ. ಮೈಸೂರಿನಿಂದ ಕೋಝಿಕ್ಕೋಡಿಗೆ ಹೋಗುವ 400 ಕೆವಿ ಲೈನಿನ ಯೋಜನೆ ಕೈಗಾದ 3 ಮತ್ತು 4ನೇ ಘಟಕಗಳ ಜೊತೆಗೆ ಬಂದದ್ದು. ದಕ್ಷಿಣ ಕೊಡಗಿನ ಕಾಡು, ತೋಟಗಳನ್ನು ಸೀಳಿಕೊಂಡು ಹೋಯಿತು. ಸಾವಿರ ಸಾವಿರ ಮರ ಬಿದ್ದವು. ನಮ್ಮವರು ವರ್ಷಗಟ್ಟಲೆ ಹೋರಾಡಿದರು, ದಾರಿ ಬದಲಿಸಿ ಎಂದು ಬೇಡಿದರು. ಕೊನೆಗೆ ಲೈನು ಬಂತು.

ಹಿಂದೆ ನೆರಳಿದ್ದ ಜಾಗದಲ್ಲಿ ಈಗ ಬೋಳು ಪಟ್ಟಿ ಕಾಣುತ್ತದೆ. ಅದನ್ನು ನೋಡುವಾಗ ನನಗೆ ಅನಿಸುವುದು ಹೀಗೆ. ದೆಹಲಿ ವಾಷಿಂಗ್ಟನ್ನಿಗೆ ಹೇಳಿದ ಮಾತನ್ನೇ ಕೊಡಗು ದೆಹಲಿಗೆ ಹೇಳುತ್ತಿದೆ. ನಮ್ಮನ್ನು ಕೇಳಿ, ಆಮೇಲೆ ಮಾಡಿ. ಹೊರಗಿನವರ ಎದುರು ಸ್ವಾಭಿಮಾನ ಬೇಕು ಎನ್ನುವ ದೇಶ ಒಳಗಿನ ಚಿಕ್ಕ ಜಿಲ್ಲೆಯ ಮಾತಿಗೂ ಅಷ್ಟೇ ಕಿವಿ ಕೊಡಬೇಕು.

ಕೊಡಗಿಗೇ ಅಣುಸ್ಥಾವರ ತರುತ್ತಾರಾ?

ದೊಡ್ಡ ಸ್ಥಾವರಕ್ಕೆ ವರ್ಷಪೂರ್ತಿ ಬೇಕಾದಷ್ಟು ನೀರು, ಸಮತಟ್ಟಾದ ಗಟ್ಟಿ ನೆಲ ಬೇಕು. ಸಮುದ್ರದ ದಡ, ದೊಡ್ಡ ಜಲಾಶಯದ ಪಕ್ಕ ಕಟ್ಟುವುದು ಅದಕ್ಕೇ. ಕೈಗಾಕ್ಕೆ ಕದ್ರಾ ಜಲಾಶಯ ಇದೆ. 2018ರಲ್ಲಿ ಗುಡ್ಡಗಳು ಜಾರಿದ ಈ ನೆಲ ಅದಕ್ಕೆ ಹೇಳಿ ಮಾಡಿಸಿದ್ದಲ್ಲ.

ಕೊನೆಗೆ ನೀವು ಪರವೋ, ವಿರೋಧವೋ?

2008ರಲ್ಲಿ ನಾನು ವಿರೋಧಿಯಾಗಿದ್ದೆ. ತಾರಾಪುರ ಮರುಕಳಿಸುತ್ತದೆ ಎಂದು ಹೆದರಿದ್ದೆ. ಇಷ್ಟು ವರ್ಷ ನೋಡಿದ ಮೇಲೆ ಹೇಳುವುದಾದರೆ, ಆ ಒಪ್ಪಂದವನ್ನು ನಮ್ಮವರು ಗಟ್ಟಿಯಾಗಿ ಕೂತು ಮಾಡಿದರು. ಎಂಟು ರಿಯಾಕ್ಟರ್, ರತ್ನಹಳ್ಳಿ, ಬ್ರೀಡರ್ ಹೊರಗೆ ಉಳಿದವು. 2010ರಲ್ಲಿ ಮರುಸಂಸ್ಕರಣೆಯ ಒಪ್ಪಂದವೂ ಆಯಿತು. ನನ್ನ ಆಗಿನ ಹೆದರಿಕೆಯಲ್ಲಿ ಅರ್ಧ ಸುಳ್ಳಾಯಿತು, ಅದನ್ನು ಒಪ್ಪುತ್ತೇನೆ. ಸುಳ್ಳಾಗಲು ಕಾರಣ ಅಮೆರಿಕದ ಒಳ್ಳೆಯತನ ಅಲ್ಲ. ಕೈಗಾ ಕಟ್ಟುವವರು, ಜಾದೂಗುಡದಲ್ಲಿ ಅಗೆಯುವವರು ನಮ್ಮಲ್ಲಿದ್ದರು. ಅವರಿಲ್ಲದೆ ಇದ್ದಿದ್ದರೆ ಮೇಜಿನ ಎದುರು ಕೂತವರಿಗೆ ಏನು ಬಲ ಇರುತ್ತಿತ್ತು?

ಒಪ್ಪಂದ ಓದಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಹಿಂದಿನಿಂದ. 123 ಒಪ್ಪಂದದಲ್ಲಿ ಇರುವುದು 17 ವಿಧಿ, ಒಂದು ಸಂಜೆಗೆ ಮುಗಿಯುತ್ತದೆ. ಮೊದಲು 14ನೇದು ಓದಿ, ಮುರಿದರೆ ಏನಾಗುತ್ತದೆ ಎಂದು ತಿಳಿಯುತ್ತದೆ. ಆಮೇಲೆ ಇಂಧನದ 5, ಮರುಸಂಸ್ಕರಣೆಯ 6. ಕೊನೆಗೆ 2ನೇ ವಿಧಿಗೆ ಬಂದು, ಆ "ತಮ್ಮ ತಮ್ಮ ಕಾನೂನು" ಎಂಬ ಮಾತಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಭಾನುವಾರ ಬರುವಾಗ ಆ ಹಾಳೆ ತನ್ನಿ, ಕೂತು ಮಾತಾಡೋಣ.